ಸಹಿ ಹಾಕಲಿಲ್ಲವೆಂದು ಅಣ್ಣ ಮಾತು ಬಿಟ್ಟ, ಸಂಬಂಧ ಮುಗಿದಂತೆಯೇ?

ಪ್ರಶ್ನೆ: ನನಗೆ 54 ವರ್ಷ. ಶಿರಸಿ ತಾಲೂಕಿಗೆ ಮದುವೆಯಾಗಿ ಬಂದವಳು. ತವರು ಘಟ್ಟದ ಕೆಳಗೆ, ಕುಮಟಾ ತಾಲೂಕಿನಲ್ಲಿ, ಹೆದ್ದಾರಿಗೆ ತಾಗಿದ ಊರು. ಇಬ್ಬರು ಅಣ್ಣಂದಿರು. ಅಪ್ಪಯ್ಯ 2012ರಲ್ಲಿ ತೀರಿಕೊಂಡರು, ಆಯಿ (ಅಮ್ಮ) ಇದ್ದಾಳೆ. ಹೆದ್ದಾರಿ ಅಗಲ ಮಾಡುವಾಗ ಮನೆಯೆದುರಿನ ಜಾಗ ಹೋಯಿತು. ಪರಿಹಾರದ ಹಣ ಬರುವ ಹೊತ್ತಿಗೆ ದೊಡ್ಡಣ್ಣ ಹಕ್ಕು ಬಿಡುಗಡೆ ಪತ್ರ ತಂದು ಸಹಿ ಹಾಕು ಎಂದ. ‘ಆಯಿಯ ಹೆಸರಿನಲ್ಲಿ ಸ್ವಲ್ಪ ಹಣ ಇಡು, ಆಮೇಲೆ ಹಾಕುತ್ತೇನೆ’ ಎಂದೆ. ‘ತವರಿಗೇ ಷರತ್ತು ಹಾಕುವಷ್ಟು ದೊಡ್ಡವಳಾದೆಯಾ’ ಎಂದು ಚಹಾ ಸಹ ಕುಡಿಯದೆ ಎದ್ದುಹೋದ. ಇದಾಗಿ ಏಳು ವರ್ಷ. ಚೌತಿಗೆ ಕರೆಯಿಲ್ಲ, ಅಪ್ಪಯ್ಯನ ತಿಥಿಗೆ ಕರೆಯಿಲ್ಲ, ಫೋನು ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಸಣ್ಣಣ್ಣ ಪೇಟೆಯಲ್ಲಿ ಸಿಕ್ಕರೆ ಮಾತಾಡುತ್ತಾನೆ, ದೊಡ್ಡಣ್ಣನ ಎದುರಿಗೆ ಮಾತ್ರ ಇಲ್ಲ. ಆಯಿಗೆ 81 ವರ್ಷ, ಅವಳ ಬಳಿ ಫೋನಿಲ್ಲ. ಈಗ ದೊಡ್ಡಣ್ಣನ ಮಗಳ ಮದುವೆ ನಿಶ್ಚಯವಾಗಿದೆ ಎಂದು ಬೇರೆಯವರಿಂದ ತಿಳಿಯಿತು. ಸೋದರತ್ತೆ ಎಂದು ಇರುವವಳು ನಾನೊಬ್ಬಳೇ. ಈ ಮೌನಕ್ಕೆ ಅರ್ಥವೇನು? ನಾಳೆ ಆಯಿಗೆ ಏನಾದರೂ ಆದರೆ ನನಗೆ ಹೇಳಿಕಳಿಸುತ್ತಾರೋ ಇಲ್ಲವೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ಸಹಿ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಣ್ಣ ಮತ್ತೆ ಮಾತಾಡಲಿ ಎಂಬ ಒಂದೇ ಆಸೆಗೆ ಸಹಿ ಹಾಕಬೇಡಿ. ಯೋಚಿಸಿ, ಒಪ್ಪಿ, ಮನಸಾರೆ ಬಿಟ್ಟುಕೊಡುವುದಾದರೆ ಅದು ಬೇರೆ ಮಾತು, ಅದು ನಿಮ್ಮ ಹಕ್ಕು. ಆದರೆ ಮಾತಿಗೆ ಬೆಲೆಯಾಗಿ ಕೊಟ್ಟ ಸಹಿಯಿಂದ ಮಾತು ವಾಪಸು ಬಂದದ್ದನ್ನು ಶಿರಸಿಯಲ್ಲಿ ಕೂತು ಇಷ್ಟು ವರ್ಷ ಕುಟುಂಬಗಳ ಜಗಳ ಕೇಳಿದ ನಾನು ಕಂಡದ್ದು ಬಹಳ ಕಡಿಮೆ. ಸಹಿಯಾದ ವಾರ ಫೋನು ಬರುತ್ತದೆ, ಒಂದು ಚೌತಿಗೆ ಕರೆಯೂ ಬರುತ್ತದೆ. ಆಮೇಲೆ ಸಹಿ ಹಾಕಿದವಳ ಮನಸ್ಸಿನಲ್ಲಿ ‘ನನ್ನನ್ನು ಕರೆದರೋ, ಕಾಗದವನ್ನು ಕರೆದರೋ’ ಎಂಬ ಪ್ರಶ್ನೆ ಹುಟ್ಟಿ, ಈ ಸಲ ಅವಳೇ ದೂರ ಸರಿಯುತ್ತಾಳೆ. ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನು ‘ಬೇಸರದಲ್ಲಿ ಹಾಕಿದ್ದೆ’ ಎಂದು ಹಿಂದಕ್ಕೆ ಪಡೆಯುವುದೂ ಸುಲಭವಿಲ್ಲ.

ಈಗ ಮೌನದ ಅರ್ಥದ ವಿಷಯ. ಸಂಬಂಧ ಮುಗಿದರೆ ಉಳಿಯುವುದು ಉದಾಸೀನ. ನಿಮ್ಮ ಮನೆಯಲ್ಲಿ ನಡೆದಿರುವುದು ಉದಾಸೀನದ ಹಾಗೆ ಕಾಣುವುದಿಲ್ಲ. ಏಳು ವರ್ಷ ಒಬ್ಬ ತಂಗಿಯ ಫೋನು ಎತ್ತದೆ ಇರುವುದು, ಪ್ರತಿ ಚೌತಿಗೆ ನೆನಪಿಟ್ಟು ಕರೆಯದೆ ಇರುವುದು, ತಮ್ಮನೂ ತನ್ನೆದುರು ಅವಳ ಜತೆ ಮಾತಾಡಬಾರದೆಂದು ನೋಡಿಕೊಳ್ಳುವುದು, ಇವೆಲ್ಲ ದಿನದಿನವೂ ಶ್ರಮ ಬೇಡುವ ಕೆಲಸ. ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ಊರು ಬದಲಿಸಿದ್ದೇನೆ. ಹೊನ್ನಾವರದ ಕಡೆ ಒಂದೇ ಸೂರಿನ ಕೆಳಗೆ ಹಿಸ್ಸೆಯಾದ ಅಣ್ಣತಮ್ಮಂದಿರು. ಜಗಲಿಯ ನಡುವೆ ಬಿದಿರಿನ ತಟ್ಟಿ ಕಟ್ಟಿದ್ದಾರೆ. ಅಡಿಗೆಮನೆ ಎರಡು, ದೇವರ ಕೋಣೆ ಎರಡು, ಬಾವಿ ಮಾತ್ರ ಒಂದು. ಬೆಳಗಿನ ಜಾವ ಅಣ್ಣನ ಮನೆಯವರು ನೀರು ಸೇದಬೇಕು, ಅವರ ಕೊಡಪಾನ ಬಾವಿಕಟ್ಟೆಯ ಮೇಲೆ ಕಡೆಯ ಬಾರಿ ತಾಗಿದ ಸದ್ದು ಕೇಳಿದ ಮೇಲೆ ತಮ್ಮನ ಹೆಂಡತಿ ಹೊರಬರಬೇಕು. ಇದನ್ನು ಯಾರೂ ಯಾರಿಗೂ ಹೇಳಿದ್ದಲ್ಲ. ಒಂದು ಮಳೆಗಾಲದಲ್ಲಿ ಹಗ್ಗ ಎಳೆಎಳೆಯಾಗಿ ಹರಿಯುವ ಹಂತಕ್ಕೆ ಬಂತು. ಮಾರನೆಯ ದಿನ ರಾಟೆಯಲ್ಲಿ ಹೊಸ ಹಗ್ಗವಿತ್ತು. ತಂದವರು ಹೇಳಲಿಲ್ಲ, ಮತ್ತೊಬ್ಬರು ಕೇಳಲಿಲ್ಲ. ಆ ತಮ್ಮನಿಗೆ ಅಣ್ಣನ ಮನೆಯ ಜ್ವರ, ನೆಂಟರು, ಸಾಲ ಎಲ್ಲ ಗೊತ್ತಿತ್ತು, ದಿನವಿಡೀ ಅವನ ಕಿವಿ ತಟ್ಟಿಯ ಆಚೆಗೇ ಇರುತ್ತಿತ್ತು.

ಇದನ್ನು ಕೇಳಿ ‘ಹಾಗಾದರೆ ಅಣ್ಣನಿಗೆ ಒಳಗೊಳಗೇ ಪ್ರೀತಿಯಿದೆ’ ಎಂದು ಹಿಗ್ಗಿಸಿ ಓದಬೇಡಿ. ಪ್ರೀತಿ ಇರಬಹುದು, ಸಿಟ್ಟೇ ಇರಬಹುದು, ಬರೀ ಮರ್ಯಾದೆಯ ಭಯವೂ ಇರಬಹುದು. ನಾನು ಹೇಳಬೇಕೆಂದಿರುವುದು ಇಷ್ಟು: ಮಾತು ನಿಂತಿದೆ, ನಂಟು ನಿಂತಿಲ್ಲ. ನಂಟು ಈಗ ಮೌನದ ರೂಪದಲ್ಲಿ ನಡೆಯುತ್ತಿದೆ, ಹಾಗೆ ನಡೆಯಲು ಒಬ್ಬೊಬ್ಬರಿಗೂ ಒಂದೊಂದು ಕಾರಣವಿದೆ. ಕುಟುಂಬ ಚಿಕಿತ್ಸೆಯ ಆದ್ಯರಲ್ಲಿ ಒಬ್ಬರಾದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 1970ರ ದಶಕದಲ್ಲಿ ಇದನ್ನೇ ಹೇಳಿದರು. ಮನೆಯವರೊಂದಿಗಿನ ತಳಮಳ ತಾಳಲಾರದೆ ಜನ ಸಂಪರ್ಕ ಕಡಿದುಕೊಳ್ಳುತ್ತಾರೆ, ಕಡಿದುಕೊಂಡ ಮಾತ್ರಕ್ಕೆ ತಳಮಳ ತೀರುವುದಿಲ್ಲ, ಅದು ಹಾಗೇ ಉಳಿದು ಮುಂದಿನ ಪೀಳಿಗೆಗೂ ದಾಟಬಹುದು ಎಂಬುದು ಅವರ ವಿವರಣೆ. ನಿಮ್ಮ ಸಣ್ಣಣ್ಣ ಪೇಟೆಯಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ ಇರುವುದು ಈ ತಳಮಳ ಹರಡಿದ್ದರ ಗುರುತು. ಅವನ ಮೇಲೆ ಸಿಟ್ಟಾಗಬೇಡಿ. ಅವನ ಕೈಯಲ್ಲಿ ಸಂದೇಶವನ್ನೂ ಕಳಿಸಬೇಡಿ.

ದೂರವಾಗಿರುವುದೇ ಸರಿ ಎನ್ನುವ ಮನೆಗಳೂ ಇವೆ ಎಂಬುದನ್ನು ಇಲ್ಲೇ ಹೇಳಬೇಕು. ಹೊಡೆತ, ಬೆದರಿಕೆ, ಮಕ್ಕಳ ಮೇಲಿನ ದೌರ್ಜನ್ಯ, ಕುಡಿದು ಬಂದು ಮನೆ ರಣರಂಗ ಮಾಡುವುದು ಇದ್ದಲ್ಲಿ ‘ಎಷ್ಟೆಂದರೂ ಒಡಹುಟ್ಟಿದವರು, ಹೊಂದಿಕೊಂಡು ಹೋಗಿ’ ಎನ್ನುವವರ ಮಾತು ಕೇಳಬಾರದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಇದ್ದೂ ಬರೆದಿಲ್ಲವಾದರೆ ಮುಂದಿನ ನನ್ನ ಸಲಹೆ ನಿಮಗೆ ಅನ್ವಯಿಸುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಡಹುಟ್ಟಿದವರ ಮಾತು ನಿಲ್ಲುವ ಹೊತ್ತನ್ನು ಗಮನಿಸಿದ್ದೀರಾ? ಬಡತನದ ಕಾಲದಲ್ಲಿ ಅದು ಅಷ್ಟಾಗಿ ನಿಲ್ಲುವುದಿಲ್ಲ. ಜಾಗ ಹಣವಾಗುವ ದಿನ ನಿಲ್ಲುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅರ್ಗಾ, ಚೆಂಡಿಯಾದಂಥ ಊರುಗಳ ಜನ ಎದ್ದುಹೋದರು, ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಎಳೆಯಿತು. ಆಮೇಲೆ ಕೊಂಕಣ ರೈಲು ಬಂತು, 1998ರಲ್ಲಿ ಪೂರ್ತಿ ಮಾರ್ಗ ತೆರೆಯಿತು. ಈಗ ಹೆದ್ದಾರಿ 66ರ ಚತುಷ್ಪಥ. ಗದ್ದೆ ಗದ್ದೆಯಾಗಿ ಇರುವವರೆಗೆ ಪಹಣಿಯಲ್ಲಿ ಅಜ್ಜನ ಹೆಸರೇ ಇದ್ದರೂ ಯಾರೂ ಕೇಳುವುದಿಲ್ಲ. ಒಬ್ಬ ಉಳುತ್ತಾನೆ, ಮತ್ತೊಬ್ಬ ಮುಂಬಯಿಯಿಂದ ಬಂದಾಗ ಅಕ್ಕಿ ಒಯ್ಯುತ್ತಾನೆ, ಅಕ್ಕತಂಗಿಯರಿಗೆ ತೆಂಗಿನಕಾಯಿ ಚೀಲ ಹೋಗುತ್ತದೆ. ಭೂಸ್ವಾಧೀನದ ನೋಟಿಸು ಬಂದ ದಿನ ಇಷ್ಟು ಕಾಲ ಹೇಳದೆಯೇ ನಡೆದುಕೊಂಡು ಬಂದದ್ದನ್ನೆಲ್ಲ ರೂಪಾಯಿಯಲ್ಲಿ ಹೇಳಬೇಕಾಗುತ್ತದೆ. ಯಾರು ಎಷ್ಟು ದುಡಿದರು, ಯಾರ ಮದುವೆಗೆ ಎಷ್ಟು ಹೋಯಿತು, ಅಪ್ಪಯ್ಯನನ್ನು ಮಣಿಪಾಲಕ್ಕೆ ಒಯ್ದವರು ಯಾರು ಎಂಬುದೆಲ್ಲ ಒಂದೇ ಮಧ್ಯಾಹ್ನ ಚಾವಡಿಗೆ ಬಂದು ಬೀಳುತ್ತದೆ.

ನಿಮ್ಮ ಅಣ್ಣನ ಲೆಕ್ಕವನ್ನು ನಾನು ಊಹಿಸಬಲ್ಲೆ, ಯಾಕೆಂದರೆ ಅಂಥ ಅಣ್ಣಂದಿರು ನನ್ನೆದುರು ಕೂತು ಅತ್ತಿದ್ದಾರೆ. ‘ಅವಳ ಮದುವೆಗೆ ಚಿನ್ನ ಹಾಕಿದ್ದೇವೆ, ಎರಡು ಬಾಣಂತನ ಇಲ್ಲೇ ಆಗಿದೆ, ಚೌತಿಗೆ ದೀಪಾವಳಿಗೆ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಆಯಿಯ ಔಷಧ, ಸ್ನಾನ, ರಾತ್ರಿ ಎದ್ದು ನೋಡುವುದು ಎಲ್ಲ ನಾವೇ. ಅವಳು ಬಂದು ಎರಡು ದಿನ ಇದ್ದು, ಆಯಿ ಸೊರಗಿದ್ದಾಳೆ ಎಂದು ಹೇಳಿ ಹೋಗುತ್ತಾಳೆ. ಈಗ ಆಯಿಯ ಹೆಸರಿಗೆ ಹಣ ಇಡು ಎಂದರೆ, ನಾನು ಆಯಿಯನ್ನು ಕೈಬಿಡುತ್ತೇನೆ ಎಂದೇ ಅವಳ ಅನುಮಾನ.’ ನೀವು ಹಾಗೆಂದು ಹೇಳಿರಲಿಕ್ಕಿಲ್ಲ. ನಿಮ್ಮ ಷರತ್ತು ನ್ಯಾಯವಾದದ್ದೇ, ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಅವನ ಕಿವಿಗೆ ಅದು ‘ನಿನ್ನ ಮೇಲೆ ನಂಬಿಕೆಯಿಲ್ಲ’ ಎಂದು ಕೇಳಿಸಿರುವ ಸಾಧ್ಯತೆ ಬಹಳ. ಚಹಾ ಕುಡಿಯದೆ ಎದ್ದುಹೋದದ್ದು ದುಡ್ಡಿನ ಸಿಟ್ಟಿಗಿಂತ ಹೆಚ್ಚಾಗಿ ಈ ನೋವಿಗೆ ಎಂದು ನನಗನ್ನಿಸುತ್ತದೆ. ದಯವಿಟ್ಟು ಅತ್ತಿಗೆಯನ್ನು ಇದಕ್ಕೆ ಕಾರಣವೆಂದು ಎಳೆಯಬೇಡಿ. ನಮ್ಮ ಕಡೆ ಇಂಥ ಪ್ರತಿ ಪ್ರಕರಣದಲ್ಲೂ ಕೊನೆಗೆ ‘ಅವಳು ಬಂದ ಮೇಲೆ ಅಣ್ಣ ಬದಲಾದ’ ಎಂಬ ಮಾತು ಬಂದೇ ಬರುತ್ತದೆ. ರಾತ್ರಿ ಎದ್ದು ಆಯಿಯನ್ನು ನೋಡುವವಳು ಬಹುಮಟ್ಟಿಗೆ ಅವಳೇ ಎಂಬುದನ್ನು ಮರೆಯಬೇಡಿ.

ಇನ್ನು ನಿಮ್ಮ ನಿದ್ದೆಗೆಟ್ಟ ರಾತ್ರಿಗಳು. ಈ ನೋವು ಯಾಕಿಷ್ಟು ಕೊರೆಯುತ್ತದೆಂದರೆ ಇದಕ್ಕೆ ಸೂತಕವಿಲ್ಲ. ತೀರಿಕೊಂಡವರಿಗೆ ಹತ್ತು ದಿನ ಎಂದೋ ಮೂರು ದಿನ ಎಂದೋ ಅಳುವ ಅವಧಿಯಿದೆ, ನೆಂಟರು ಬಂದು ಕೂರುತ್ತಾರೆ, ಕೊನೆಗೆ ಒಂದು ಊಟವಾಗಿ ಬದುಕು ಮುಂದೆ ಸಾಗುತ್ತದೆ. ಬದುಕಿದ್ದೂ ಇಲ್ಲದವರಂತಾದ ಅಣ್ಣನಿಗಾಗಿ ಅಳಲು ಯಾರೂ ಜಾಗ ಮಾಡಿಕೊಡುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವೈಮಾನಿಕರ ಕುಟುಂಬಗಳನ್ನು ಅಧ್ಯಯನ ಮಾಡಿ, ಇದ್ದಾರೋ ಇಲ್ಲವೋ ತಿಳಿಯದ ನಷ್ಟವೇ ಎಲ್ಲಕ್ಕಿಂತ ಕಷ್ಟದ್ದು, ಅದು ದುಃಖವನ್ನು ನಡುವೆಯೇ ನಿಲ್ಲಿಸಿಬಿಡುತ್ತದೆ ಎಂದು ತೋರಿಸಿದರು. ನಮ್ಮ ಕರಾವಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ ಸಮುದ್ರದಡಿ ನೌಕಾಪಡೆಗೆ ಬೋಟಿನ ಅವಶೇಷ ಕಾಣುವವರೆಗೂ ಆ ಮನೆಗಳು ಕಾದವು. ಅವರ ನಷ್ಟಕ್ಕೂ ನಿಮ್ಮದಕ್ಕೂ ಹೋಲಿಕೆಯಿಲ್ಲ, ಅವರದು ಬಹಳ ದೊಡ್ಡದು. ಆದರೆ ಕಾಯುವುದೋ ಬಿಡುವುದೋ ತಿಳಿಯದೆ ನಿಲ್ಲುವ ಸ್ಥಿತಿ ಮನಸ್ಸಿಗೆ ಏನು ಮಾಡುತ್ತದೆಂದು ಅಲ್ಲಿ ಕಾಣುತ್ತದೆ. ಪಾಲಿನ್ ಬಾಸ್ ಇಂಥವರಿಗೆ ‘ಮರೆತುಬಿಡಿ’ ಎನ್ನುವುದಿಲ್ಲ. ಎರಡು ವಿರುದ್ಧ ಮಾತುಗಳನ್ನು ಒಟ್ಟಿಗೇ ಹೇಳಿಕೊಳ್ಳಲು ಕಲಿಯಿರಿ ಎನ್ನುತ್ತಾರೆ: ನನಗೆ ಅಣ್ಣನಿದ್ದಾನೆ, ಸದ್ಯ ನನಗೆ ಅಣ್ಣನಿಲ್ಲ. ಎರಡೂ ನಿಜ. ಯಾವುದೋ ಒಂದನ್ನು ಆರಿಸಲೇಬೇಕೆಂದು ರಾತ್ರಿಯಿಡೀ ಮನಸ್ಸನ್ನು ಹಿಂಡಬೇಡಿ.

ಊರಿನಲ್ಲಿ ತಲೆಯೆತ್ತಿ ನಡೆಯಲಾರೆ ಎನ್ನುವವರಿಗೆ ನಾನು ಒಂದು ಅಂಕಿ ಹೇಳುವುದುಂಟು. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅಮೆರಿಕದಲ್ಲಿ 1,340 ಜನರನ್ನು ಕೇಳಿದಾಗ, 27 ಶೇಕಡಾ ಜನ ತಮ್ಮ ಒಬ್ಬ ಸಂಬಂಧಿಯೊಂದಿಗೆ ಸಂಪರ್ಕವೇ ಇಲ್ಲವೆಂದರು. ಆ ದೇಶದ ಅಂಕಿಯನ್ನು ನಮ್ಮ ಮನೆಗೆ ಹಾಗೇ ಅಂಟಿಸಲಾಗದು. ಆದರೂ ಇದು ಕೆಟ್ಟ ಮನೆತನದ ಲಕ್ಷಣವೆಂದು ಕೊರಗುವವರಿಗೆ ಅದು ಗೊತ್ತಿರಬೇಕು. ನನಗೆ ಅಂಕಿಗಿಂತ ಮುಖ್ಯವೆನಿಸಿದ್ದು ಅವರ ಇನ್ನೊಂದು ಗಮನಿಕೆ. ಮತ್ತೆ ಒಂದಾದವರ ಜತೆಯೂ ಅವರು ದೀರ್ಘವಾಗಿ ಮಾತಾಡಿದ್ದರು. ಅಂಥವರಲ್ಲಿ ಹೆಚ್ಚಿನವರು ಎದುರಿನವರಿಂದ ‘ತಪ್ಪಾಯಿತು’ ಎಂದು ಹೇಳಿಸುವ ಹಟವನ್ನು, ಹಿಂದೆ ನಡೆದದ್ದರ ಬಗ್ಗೆ ತಮ್ಮ ಮಾತೇ ಸರಿ ಎಂದು ಒಪ್ಪಿಸುವ ಹಟವನ್ನು ಬಿಟ್ಟಿದ್ದರು. ಆ ಮಧ್ಯಾಹ್ನ ಯಾರು ಏನೆಂದರು ಎಂಬುದು ಬಗೆಹರಿಯದೆಯೇ ಅವರು ಮುಂದೆ ಹೋದರು. ಇದು ಸುಲಭವಲ್ಲ. ಅನ್ಯಾಯವಾದವರಿಗೆ ಇದು ಎರಡನೆಯ ಅನ್ಯಾಯದಂತೆ ಕಾಣುವುದೂ ಸಹಜ. ಹಾಗೆ ಅನ್ನಿಸಿದರೆ ಇನ್ನೂ ಸ್ವಲ್ಪ ಕಾಲ ಕಾಯಿರಿ, ಬಲವಂತದ ರಾಜಿ ಬೇಡ.

ಇದಕ್ಕೇ ನಾನು ಜಾಗದ ವಿಷಯ ಬೇರೆ, ಅಣ್ಣನ ವಿಷಯ ಬೇರೆ ಮಾಡಿ ಎನ್ನುವುದು. ಎರಡನ್ನೂ ಒಂದೇ ಮಾತಿನಲ್ಲಿ ಬಗೆಹರಿಸಲು ಹೋದರೆ ಎರಡೂ ಕೆಡುತ್ತವೆ. ಜಾಗದ್ದು ಕಾನೂನಿನ ದಾರಿಯಲ್ಲಿ ಹೋಗಲಿ. ಅಪ್ಪಯ್ಯ ಉಯಿಲು ಬರೆದಿಡದೆ ತೀರಿಕೊಂಡಿದ್ದು, ನಿಮ್ಮದು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬವಾದರೆ, ಅವರ ಸ್ವಂತ ಆಸ್ತಿಯಲ್ಲಿ ಆಯಿ, ಇಬ್ಬರು ಅಣ್ಣಂದಿರು ಮತ್ತು ನಿಮಗೆ ಸಮಪಾಲು. ಪಿತ್ರಾರ್ಜಿತವಾದರೆ ಪಾಲಿನ ಲೆಕ್ಕ ಬೇರೆಯಾಗುತ್ತದೆ, ಆದರೆ 2005ರ ತಿದ್ದುಪಡಿ ಮತ್ತು 2020ರ ಆಗಸ್ಟಿನ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಂದರೆ ಆಯಿಯ ಹೆಸರಿಗೆ ಇಡು ಎಂದು ನೀವು ಕೇಳಿದ್ದು ಅಣ್ಣನ ಔದಾರ್ಯವನ್ನಲ್ಲ, ಅವಳದೇ ಪಾಲನ್ನು. ಹೆದ್ದಾರಿ ಕಾಯ್ದೆಯಲ್ಲಿ, ಪರಿಹಾರ ಹಂಚುವುದರಲ್ಲಿ ತಕರಾರಿದ್ದರೆ ಅಧಿಕಾರಿ ಅದನ್ನು ಸಿವಿಲ್ ನ್ಯಾಯಾಲಯಕ್ಕೆ ಕಳಿಸಬೇಕೆಂದಿದೆ. ಹಣ ಈಗಾಗಲೇ ಬಂದಿದೆಯೋ, ಯಾರ ಖಾತೆಗೆ ಬಂದಿದೆಯೋ ಮೊದಲು ತಿಳಿದುಕೊಳ್ಳಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವಿದೆ, ಸಹಾಯವಾಣಿ 15100. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ದಾವೆ ಹೂಡದೆಯೇ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು, ಅಲ್ಲಿ ಆದ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ. ವಕೀಲರನ್ನು ಕಂಡ ಮಾತ್ರಕ್ಕೆ ತವರನ್ನು ಕೋರ್ಟಿಗೆ ಎಳೆದಂತಲ್ಲ.

ಅಣ್ಣನ ವಿಷಯಕ್ಕೆ ಒಂದು ಪತ್ರ ಬರೆಯಿರಿ. ವಾಟ್ಸಾಪ್ ಬೇಡ. ನೀಲಿ ಗೆರೆ ಬಿದ್ದೂ ಉತ್ತರ ಬರದಿದ್ದರೆ ನಿಮಗೆ ಮತ್ತೊಂದು ಗಾಯ, ಅವನಿಗೂ ಉತ್ತರ ಕೊಡಲೇಬೇಕೆಂಬ ಒತ್ತಡ. ಕಾಗದವನ್ನು ಅವನು ಒಬ್ಬನೇ ಕೂತು ಓದಬಹುದು, ತೆಗೆದಿಟ್ಟು ಮತ್ತೆ ಓದಬಹುದು. ಒಂದು ಪುಟ ಮೀರದಿರಲಿ. ಅದರಲ್ಲಿ ‘ಆವತ್ತು ನೀನು’ ಎಂದು ಶುರುವಾಗುವ ಒಂದು ವಾಕ್ಯವೂ ಬೇಡ, ‘ಆದರೆ’ ಎಂಬ ಮಾತೂ ಬೇಡ. ಸುಮಾರು ಹೀಗೆ:

‘ದೊಡ್ಡಣ್ಣ, ನಾನು ಆರಾಮ ಇದ್ದೇನೆ. ಕೂಸಿನ ಮದುವೆ ನಿಶ್ಚಯವಾದ ಸುದ್ದಿ ಕೇಳಿ ಬಹಳ ಖುಷಿಯಾಯಿತು. ಇಷ್ಟು ವರ್ಷ ಆಯಿಯನ್ನು ನೋಡಿಕೊಂಡವರು ನೀನು ಮತ್ತು ಅತ್ತಿಗೆ. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಜಾಗದ ವಿಷಯವನ್ನು ತಿಳಿದವರೊಬ್ಬರನ್ನು ಕೂರಿಸಿಕೊಂಡು ಬೇರೆಯೇ ಮಾತಾಡೋಣ, ಈ ಕಾಗದ ಅದಕ್ಕಲ್ಲ. ನನಗೆ ಆಯಿಯನ್ನು ನೋಡಬೇಕು. ಯಾವ ದಿನ ಬಂದರೆ ನಿಮಗೆ ಅನುಕೂಲ ಎಂದು ತಿಳಿಸು.’

ಮೂರನೆಯ ಮಾತನ್ನು, ಅಂದರೆ ಆಯಿಯನ್ನು ನೋಡಿಕೊಂಡದ್ದನ್ನು ಒಪ್ಪಿ ಹೇಳುವ ಮಾತನ್ನು, ನಿಮಗೆ ನಿಜವಾಗಿ ಅನ್ನಿಸಿದರೆ ಮಾತ್ರ ಬರೆಯಿರಿ. ಉಪಾಯಕ್ಕೆಂದು ಬರೆದರೆ ಒಡಹುಟ್ಟಿದವನಿಗೆ ಅದು ಗೊತ್ತಾಗಿಯೇ ಆಗುತ್ತದೆ. ಕೇಳಿಕೆ ಒಂದೇ ಇರಲಿ, ಅದಕ್ಕೆ ಅವನು ಒಂದು ದಿನಾಂಕ ಹೇಳಿ ಉತ್ತರಿಸುವಂತಿರಲಿ.

ಆಯಿಯ ವಿಷಯ ಅಣ್ಣನ ಉತ್ತರಕ್ಕೆ ಕಾಯಬೇಕಾಗಿಲ್ಲ. ಅವಳು ನಿಮ್ಮ ತಾಯಿ, ನೋಡಲು ಯಾರ ಅಪ್ಪಣೆಯೂ ಬೇಡ. ದೇವಿಮನೆ ಘಟ್ಟ ಇಳಿದರೆ ಕುಮಟಾ ಎಷ್ಟು ದೂರ? ಹಗಲು ಹೊತ್ತು, ನೆಂಟರಿಷ್ಟರ ಗದ್ದಲವಿಲ್ಲದ ದಿನ, ಗಂಡ ಮಕ್ಕಳ ದಂಡು ಕಟ್ಟಿಕೊಳ್ಳದೆ ಒಬ್ಬರೇ ಹೋಗಿ, ಅಂಗಳದಲ್ಲಿ ನಿಂತು ‘ಆಯಿಯನ್ನು ನೋಡಿ ಹೋಗಲು ಬಂದೆ’ ಎನ್ನಿ. ಬಾಗಿಲು ತೆಗೆಯದಿದ್ದರೆ ಜಗಳ ಮಾಡದೆ ವಾಪಸು ಬನ್ನಿ. ಸುದ್ದಿ ಹೇಳಿಕಳಿಸುವುದಕ್ಕೆ ನೆರೆಮನೆಯ ಒಬ್ಬರನ್ನೋ, ಊರಿನ ಆಶಾ ಕಾರ್ಯಕರ್ತೆಯನ್ನೋ ಈಗಲೇ ಕೇಳಿಟ್ಟುಕೊಳ್ಳಿ. ‘ಆಯಿಗೆ ಹುಷಾರಿಲ್ಲದಾದರೆ ನನಗೊಂದು ಫೋನು ಮಾಡಿ’ ಎಂದು ನೇರವಾಗಿ ಕೇಳಿದರೆ ನಮ್ಮ ಕಡೆ ಇಲ್ಲವೆನ್ನುವವರು ಕಡಿಮೆ. ಅವರಿಂದ ಮನೆಯ ಬೇರೆ ವಿಷಯ ಕೇಳಿ ತಿಳಿಯುವ ಆಸೆಯನ್ನು ಹತ್ತಿಕ್ಕಿ, ಇಲ್ಲದಿದ್ದರೆ ಅವರೂ ದೂರವಾಗುತ್ತಾರೆ. ಆಯಿಗೆ ಊಟ ಔಷಧದ ಕೊರತೆಯೇ ಇದೆಯೆಂದು ಖಚಿತವಾದರೆ ಹಿರಿಯರ ಸಹಾಯವಾಣಿ 14567 ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಕುಮಟಾದ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು. ಅಣ್ಣನನ್ನು ಬಗ್ಗಿಸುವ ಅಸ್ತ್ರವಾಗಿ ಮಾತ್ರ ಅದನ್ನು ಬಳಸಬೇಡಿ.

ಮದುವೆಗೆ ಕರೆಯಿಲ್ಲದೆ ಹೋಗಬೇಡಿ. ಸೋದರತ್ತೆ ಮಂಟಪಕ್ಕೆ ಬಂದರೆ ಯಾರು ತಾನೇ ತಡೆಯುತ್ತಾರೆ ಎಂದು ಹುರಿದುಂಬಿಸುವವರು ಇರುತ್ತಾರೆ. ಆ ದಿನ ಏನೇ ಆದರೂ ಅದರ ಭಾರ ಹೊರುವವಳು ಆ ಹುಡುಗಿ. ಅವಳಿಗೆ ನೀವೇ ಫೋನು ಮಾಡಿ ಹರಸಿ, ಉಡುಗೊರೆ ಕೊಡಬೇಕೆನಿಸಿದರೆ ಮದುವೆ ಮುಗಿದ ಮೇಲೆ ಅವಳ ಹೊಸ ಮನೆಗೆ ಕಳಿಸಿ. ‘ಅಪ್ಪನಿಗೆ ಹೇಳು’ ಎಂಬ ಒಂದು ಮಾತೂ ಅವಳ ಬಳಿ ಬೇಡ.

ಪತ್ರಕ್ಕೆ ಉತ್ತರ ಬರದಿರಬಹುದು. ಬಂದರೂ ‘ಮೊದಲು ಸಹಿ ಹಾಕು’ ಎಂದಷ್ಟೇ ಇರಬಹುದು. ಬರದಿದ್ದರೆ ಎರಡನೆಯ ಪತ್ರವನ್ನು ಮುಂದಿನ ಚೌತಿಯ ಹೊತ್ತಿಗೆ ಬರೆಯಿರಿ, ಅಷ್ಟರವರೆಗೆ ಫೋನು ಮಾಡಬೇಡಿ, ಮೊದಲನೆಯದನ್ನು ಓದಿದೆಯಾ ಎಂದೂ ಕೇಳಬೇಡಿ. ಸಹಿಯ ಮಾತೇ ಬಂದರೆ ‘ಜಾಗದ ಬಗ್ಗೆ ವಕೀಲರು ನಿನಗೆ ಬರೆಯುತ್ತಾರೆ, ಆಯಿಯನ್ನು ನೋಡಲು ಯಾವ ದಿನ ಬರಲಿ?’ ಎಂದು ಎರಡೇ ಸಾಲು ಬರೆದು, ಅದೇ ವಾರ ಕಾನೂನು ಸೇವಾ ಸಮಿತಿಗೆ ಹೋಗಿ. ಈ ನಡುವೆ ನಿದ್ದೆ ಬಾರದ ರಾತ್ರಿಗಳು ಹೀಗೇ ಮುಂದುವರಿದರೆ, ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.